ನೈಲಾನ್ ಬುಷ್ ಮಳಿಗಾಲದಾಗ ಯಾಕ ಬಿಗಿ ಆಗ್ತೈತಿ?

ಬ್ಯಾಸಿಗ್ಯಾಗ ಹುಬ್ಬಳ್ಳಿ ಲೇತ್‌ನಾಗ ಮಾಡಿಸಿದ ನೈಲಾನ್ 66 ಬುಷ್ (ಶಾಫ್ಟ್ ಒಳಗ ತಿರುಗೋ ಪ್ಲಾಸ್ಟಿಕ್ ಕೊಳವಿ) ಈಗ ಮಳಿ ಹತ್ತಿದ ಮ್ಯಾಲ ಶಾಫ್ಟ್ ಹಿಡಿಲಿಕ್ಕತ್ತೈತಿ ಅಂತ ಕೇಳೀರಿ. ಟರ್ನರ್‌ನ ತಪ್ಪು ಇರಲಿಕ್ಕಿಲ್ರಿ. ನೈಲಾನ್ 66 ತಯಾರಾಗುವಾಗ ಡೈಅಮೈನ್, ಅಡಿಪಿಕ್ ಆಮ್ಲ ಅನ್ನೋ ಎರಡು ರಾಸಾಯನಿಕ ಕೂಡಿ ನೀರು ಹೊರಗ ಹೋದಾಗ ಅಮೈಡ್ ಬಂಧ ಆಗ್ತೈತಿ. ಅದ ಅಮೈಡ್ ಮುಂದ ಗಾಳ್ಯಾಗಿನ ನೀರು ಎಳಕೊಂತೈತಿ; ಪೂರ್ತಿ ನೆನೆದರ ತೂಕದ ಸುಮಾರು 8.5%. ನೀರು ಹೀರಿ ಬುಷ್ ಉಬ್ಬತೈತಿ; ಹೊರಗ ಹೌಸಿಂಗ್ (ಬುಷ್ ಕೂರೋ ಗೂಡು) ಬಿಗಿ ಹಿಡಿದಿರ್ತೈತಿ, ಹಂಗಾಗಿ ಒಳಗಿನ ತೂತ ಸಣ್ಣದಾಗ್ತೈತಿ.

ಈಗಿಂದು ರೀಮರ್ (ತೂತ ಅಗಲ ಮಾಡೋ ಹತಾರ) ಹಾಕಿ ಸಡಿಲ ಮಾಡ್ರಿ. ಮುಂದಿನ ಸಲ ಬುಷ್ ಮೊದಲ ನೀರು ಹೀರಿ ಉಬ್ಬಲಿ ಅಂತ, ರಫ್ ಟರ್ನಿಂಗ್ ಆದ ಮ್ಯಾಲ ಕುದಿಯೋ ನೀರಾಗ ಹಾಕಿ, ಆಗಾಗ ತೂಗ್ರಿ. 100 ಗ್ರಾಂ ಇದ್ದದ್ದು 102.5 ಆದರ ಸಾಕು. ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಕೆಲವು ದಿನ ಇಟ್ಟು, ಆಮ್ಯಾಲ ಫಿನಿಶ್ ಮಾಡಿಸ್ರಿ.

ನೈಲಾನ್ ಬದಲಿ ಪೆಟ್ (ನೀರಿನ ಬಾಟ್ಲಿ ಮಾಡೋ ಪ್ಲಾಸ್ಟಿಕ್) ರಾಡ್ ತಗೊಂಡರ, ಅದು ನೀರು ಭಾಳ ಕಡಿಮಿ ಹೀರ್ತೈತಿ. ಆದರ ಬಿಸಿನೀರಿನ ಪಂಪಿಗೆ ಬ್ಯಾಡ, ಬಿಸಿನೀರಾಗ ಪೆಟ್‌ನ ಅಣುಗಳನ್ನ ಜೋಡಿಸೋ ಎಸ್ಟರ್ ಬಂಧ ನಿಧಾನಕ್ಕ ಒಡದು ಬುಷ್ ಪೆಡಸಾಗಿ ಬಿರಿತೈತಿ.