ಕ್ರಯೋಥೆರಪಿ ಸಾಕೇ, ಗರ್ಭಕೋಶವನ್ನೇ ತೆಗೆಸಬೇಕೇ?

ಜಗಳೂರಿನ ಸಹೋದರಿಯವರೇ, ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯ ಜೀವಕೋಶಗಳ ಪರೀಕ್ಷೆ) ಮತ್ತು ಬಯಾಪ್ಸಿಯ (ಚೂರು ಮಾಂಸ ತೆಗೆದು ಮಾಡುವ ಪರೀಕ್ಷೆ) ನಂತರ ವೈದ್ಯರು ಗರ್ಭಕೋಶದ ಬಾಯಿಗೆ ಕ್ರಯೋಥೆರಪಿ, ಅಂದರೆ ಹೆಪ್ಪುಗಟ್ಟಿಸುವ ಚಿಕಿತ್ಸೆ, ಸೂಚಿಸಿದ್ದಾರೆ, ಆದರೆ ಮನೆಯವರು ‘ಗರ್ಭಕೋಶವನ್ನೇ ತೆಗೆಸಿಬಿಡು, ಚಿಂತೆ ತಪ್ಪುತ್ತದೆ’ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ದಾವಣಗೆರೆಯ ಆಸ್ಪತ್ರೆಯೊಂದರ ಸ್ತ್ರೀರೋಗ ವಿಭಾಗದಲ್ಲಿ ಶುಶ್ರೂಷಕಿಯಾಗಿರುವ ನಾನು ಈ ಮಾತನ್ನು ಬಹಳ ಸಲ ಕೇಳಿದ್ದೇನೆ, ಕೇಳಿದಾಗಲೆಲ್ಲ ನೊಂದಿದ್ದೇನೆ. ಬಯಾಪ್ಸಿಯಲ್ಲಿ ಕಂಡಿರುವುದು ಕ್ಯಾನ್ಸರ್ ಅಲ್ಲದೆ ಅದಕ್ಕೆ ಮುಂಚಿನ ಬದಲಾವಣೆಯಷ್ಟೇ ಆಗಿದ್ದರೆ, ಅದೊಂದೇ ಕಾರಣಕ್ಕೆ ಗರ್ಭಕೋಶ ತೆಗೆಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಎಚ್‌ಪಿವಿ ಎಂಬ ವೈರಾಣು ದೀರ್ಘಕಾಲ ಉಳಿದುಕೊಂಡಾಗ ಉಂಟಾಗುವ ಈ ಬದಲಾವಣೆ ಮೇಲ್ಪದರದಲ್ಲಷ್ಟೇ ಇರುತ್ತದೆ. ಅದು ಕ್ಯಾನ್ಸರ್ ಆಗುವುದಾದರೂ ಸಾಮಾನ್ಯವಾಗಿ ಹಲವು ವರ್ಷಗಳೇ ಹಿಡಿಯುತ್ತವೆ. ಕ್ರಯೋಥೆರಪಿಯಲ್ಲಿ ನೈಟ್ರಸ್ ಆಕ್ಸೈಡ್ ಅಥವಾ ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ತಣ್ಣಗಾಗುವ ಲೋಹದ ತುದಿಯನ್ನು ಆ ಭಾಗಕ್ಕೆ ಒತ್ತಿಹಿಡಿದು, ಸಾಮಾನ್ಯವಾಗಿ 3 ನಿಮಿಷ ಹೆಪ್ಪುಗಟ್ಟಿಸಿ, 5 ನಿಮಿಷ ಬಿಟ್ಟು, ಮತ್ತೆ 3 ನಿಮಿಷ ಹೆಪ್ಪುಗಟ್ಟಿಸಿದಾಗ ದೋಷವುಳ್ಳ ಜೀವಕೋಶಗಳು ಸಾಯುತ್ತವೆ. ಹೊಲಿಗೆಯಾಗಲಿ ಪೂರ್ಣ ಅರಿವಳಿಕೆಯಾಗಲಿ ಬೇಕಿಲ್ಲ. ಮುಟ್ಟಿನ ನೋವಿನಂತೆ ಕಿಬ್ಬೊಟ್ಟೆ ಹಿಂಡಬಹುದು, ಕೆಲವರಿಗೆ ತಲೆಸುತ್ತು ಬರುತ್ತದೆ. ಆದ್ದರಿಂದ ಅದೇ ದಿನ ಬಸ್ಸಿನಲ್ಲಿ ಊರಿಗೆ ಮರಳುವುದಾದರೆ ಜೊತೆಗೊಬ್ಬರಿರಲಿ.

ಆದರೆ ಈ ಚಿಕಿತ್ಸೆ ಎಲ್ಲರಿಗೂ ಒಪ್ಪುವುದಿಲ್ಲ. ದೋಷವು ಗರ್ಭಕಂಠದ (ಗರ್ಭಕೋಶದ ಬಾಯಿಯ) ಒಳನಾಳಕ್ಕೆ ಹರಡಿದ್ದರೆ, ಹೊರಭಾಗದ ಮುಕ್ಕಾಲು ಪಾಲಿಗಿಂತ ಹೆಚ್ಚು ಆವರಿಸಿದ್ದರೆ, ಕ್ಯಾನ್ಸರ್‌ನ ಸಂಶಯವಿದ್ದರೆ ಅಥವಾ ನೀವು ಗರ್ಭಿಣಿಯಾಗಿದ್ದರೆ ಇದನ್ನು ಮಾಡುವುದಿಲ್ಲ. ಒಳನಾಳಕ್ಕೆ ಹರಡಿದ್ದಾಗ ಆ ಭಾಗವನ್ನಷ್ಟೇ ತೆಗೆಯುವ ಲೀಪ್‌ನಂಥ ಚಿಕಿತ್ಸೆಗಳಿವೆ. ಆಗಲೂ ಗರ್ಭಕೋಶ ಉಳಿಯುತ್ತದೆ.

ನಮ್ಮಲ್ಲಿ ಹೆಚ್ಚಿನವರು ಗಾಬರಿಯಾಗುವುದು ನಂತರದ ದಿನಗಳಲ್ಲಿ. ಸುಮಾರು ನಾಲ್ಕು ವಾರ ನೀರಿನಂಥ ಸ್ರಾವ ಹೋಗುತ್ತಲೇ ಇರುತ್ತದೆ. ಸತ್ತ ಪದರ ಕಳಚಿ ಹೊಸದು ಬೆಳೆಯುತ್ತಿರುವುದರಿಂದ ಹೀಗಾಗುತ್ತದೆಯೇ ಹೊರತು ಚಿಕಿತ್ಸೆ ಕೆಟ್ಟಿದೆ ಎಂದಲ್ಲ. ಆ ನಾಲ್ಕು ವಾರ ದಾಂಪತ್ಯ ಸಂಪರ್ಕ ಬೇಡ. ಇದನ್ನು ನಿಮ್ಮ ಪತಿಗೆ ವೈದ್ಯರೇ ಹೇಳಿದರೆ ಒಳ್ಳೆಯದು. ಜ್ವರ, ದುರ್ವಾಸನೆ, ತೀವ್ರ ಹೊಟ್ಟೆನೋವು ಅಥವಾ ಗಡ್ಡೆಗಟ್ಟಿದ ರಕ್ತಸ್ರಾವ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಬನ್ನಿ. ಮುಂದೆ ಮಗು ಬೇಕೆಂದಿದ್ದರೆ ಈ ಚಿಕಿತ್ಸೆ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ.

ಬಹುಪಾಲು ಮಹಿಳೆಯರಿಗೆ ಒಂದೇ ಸಲದ ಚಿಕಿತ್ಸೆ ಸಾಕಾಗುತ್ತದೆ, ಆದರೂ ಒಂದು ವರ್ಷದ ನಂತರದ ಮರುತಪಾಸಣೆಯನ್ನು ದಯವಿಟ್ಟು ತಪ್ಪಿಸಬೇಡಿ. ಇಂಥ ದೋಷಕ್ಕಾಗಿ ಗರ್ಭಕೋಶ ತೆಗೆಸಿಕೊಂಡವರಿಗೂ ತಪಾಸಣೆ ಬೇಕಾಗುತ್ತದೆ ಎಂಬುದನ್ನು ಮನೆಯವರಿಗೆ ತಿಳಿಸಿ. ಸಾಧ್ಯವಾದರೆ ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ, ಬಯಾಪ್ಸಿ ವರದಿಯನ್ನು ಮುಂದಿಟ್ಟು, ತೆಗೆಸುವ ಮಾತನ್ನು ವೈದ್ಯರೆದುರೇ ಕೇಳಿಸಿ.