ಹಾಲು ಕುಡಿದು ಕಾಯುವವರು

ನಿದ್ದೆ ಬರಲು ಏನು ತಿನ್ನಬೇಕು ಎಂದು ಕೇಳಿಕೊಂಡು ಬರುವವರು ಹೆಚ್ಚುತ್ತಲೇ ಇದ್ದಾರೆ. ಅದಕ್ಕೇ ಈ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದೆ. ನಲವತ್ತರ ಆಸುಪಾಸಿನ ಮಹಿಳೆ, ಕೂತು ಮಾಡುವ ಕೆಲಸ. ರಾತ್ರಿ 11ಕ್ಕೆ ಮಲಗಿದರೆ 1ರವರೆಗೂ ಹೊರಳಾಟ. ಬಿಸಿ ಹಾಲು, ಬಾದಾಮಿ, ಜೇನು ಎಲ್ಲ ಆಗಿತ್ತು.

ಎರಡನೇ ಭೇಟಿಯಲ್ಲಿ, ಹಾಲು ಕುಡಿದಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಮಲ್ಕೊಂಡು, ನಿದ್ದೆ ಹತ್ತುತ್ತಾ ಇದೆಯಾ ಅಂತ ನೋಡ್ತಾ ಇರ್ತೀನಿ. ಅರ್ಧ ಗಂಟೆ ಆದ್ರೂ ಹತ್ತದಿದ್ರೆ ಭಯ ಶುರುವಾಗುತ್ತೆ."

ಆ ಲೋಟ ಅವರಿಗೆ ದಿನವೂ ಒಂದು ಪರೀಕ್ಷೆ. ಕಾವಲು ಕೂತವರಿಗೆ ನಿದ್ದೆ ಎಲ್ಲಿಂದ ಬರಬೇಕು? ಹಾಲಿನಲ್ಲಿ ನಿದ್ದೆಗೆ ನೆರವಾಗುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ (ಪ್ರೋಟೀನಿನ ಒಂದು ತುಣುಕು) ಇರುವುದು ನಿಜ, ಲೋಟಕ್ಕೆ ಸುಮಾರು 100 ಮಿಲಿಗ್ರಾಂ. ಆದರೆ ಮಿದುಳಿಗೆ ಹೋಗುವ ದಾರಿಯಲ್ಲಿ ಅದೇ ಹಾಲಿನ ಬೇರೆ ಅಮೈನೊ ಆಮ್ಲಗಳ ನೂಕುನುಗ್ಗಲು. ನಿದ್ದೆ ಮಾತ್ರೆಯಂತೆ ಅದನ್ನು ನಂಬಬಾರದು. (ಮದ್ಯ ಆಗಬಹುದೇ ಎನ್ನುವವರಿಗೆ: ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ.)

ಬೆಳಗ್ಗೆಯಿಂದ ಬಾಯಿಗೆ ಹೋದದ್ದನ್ನೆಲ್ಲ ಗಂಟೆ ಸಮೇತ ಒಂದು ವಾರ ಬರೆಯಲು ಹೇಳಿದೆ. ಮಧ್ಯಾಹ್ನ ಹೆಚ್ಚಿನ ದಿನ ಬರೀ ಬಿಸ್ಕತ್ತು. ಸಂಜೆ 5ಕ್ಕೆ ದೊಡ್ಡ ಮಗ್ ಕಾಫಿ. ರಾತ್ರಿ 10ಕ್ಕೆ ಹೊಟ್ಟೆ ಬಿರಿಯುವಷ್ಟು ಊಟ, ಮಲಗಿದ ಕೂಡಲೇ ಎದೆಯುರಿ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಅಂದರೆ ಊಟಕ್ಕೆ ಕೂರುವಾಗಲೂ ಅರ್ಧ ಮಗ್ ಕಾಫಿ ಮೈಯಲ್ಲೇ ಇದೆ, ನಿದ್ದೆಗೆಳೆಯುವ ಅಡೆನೊಸಿನ್‌ನ ಜಾಗ ಹಿಡಿದುಕೊಂಡು. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಕೆಫೀನ್ ಇಳಿಯುವುದು ಇನ್ನೂ ನಿಧಾನ.

ಕಾಫಿ ಮಧ್ಯಾಹ್ನ 12ರೊಳಗೆ ಮುಗಿಯಲಿ ಎಂದೆ. ಒಮ್ಮೆಲೇ ಬಿಟ್ಟರೆ ತಲೆನೋವು ಬರುವುದರಿಂದ ಸಂಜೆಯದನ್ನು ಮೂರು ನಾಲ್ಕು ದಿನ ಅರ್ಧ ಮಾಡಿ, ಆಮೇಲೆ ನಿಲ್ಲಿಸಬೇಕು. ಮಧ್ಯಾಹ್ನ ಸರಿಯಾಗಿ ಉಂಡರೆ ರಾತ್ರಿಯ ಊಟ ತಾನಾಗಿ ಕಡಿಮೆಯಾಗುತ್ತದೆ, ಅದು 8ಕ್ಕೆ ಮುಗಿಯಬೇಕು. ಆಮೇಲೆ ಹಸಿವಾದರೆ ಒಂದು ಬಾಳೆಹಣ್ಣು. ಹಸಿದ ಹೊಟ್ಟೆಯೂ ಮಲಗಗೊಡುವುದಿಲ್ಲ.

ಹಾಲು ಬಿಡಿ ಎನ್ನಲಿಲ್ಲ. ಉಪಯೋಗವಿಲ್ಲದ್ದನ್ನು ಯಾಕೆ ಉಳಿಸಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಕಸಿದುಕೊಂಡಿದ್ದರೆ ಅದೇ ಇನ್ನೊಂದು ಚಿಂತೆಯಾಗುತ್ತಿತ್ತು, ಹಾಗಾಗಿ ಜಾಗ ಮಾತ್ರ ಬದಲಿಸಿದೆ: 9.30ಕ್ಕೆ ಅಡುಗೆಮನೆಯಲ್ಲಿ ಕೂತು ಕುಡಿಯಿರಿ, ರುಚಿಗಾಗಿ. ಲೋಟ ಮಲಗುವ ಕೋಣೆಗೆ ಬರಬಾರದು, ಗಡಿಯಾರದ ಮುಖ ಗೋಡೆಗಿರಲಿ.

ಮೂರು ವಾರದ ನಂತರ ಹೆಚ್ಚಿನ ರಾತ್ರಿ 11.30ರೊಳಗೆ ನಿದ್ದೆ, ಊಟ ತಡವಾದ ದಿನ ಮಾತ್ರ ಹಳೆಯ ಕಥೆ. ನಿಮಗೂ ವಾರಕ್ಕೆ ಮೂರು ರಾತ್ರಿಯಂತೆ 3 ತಿಂಗಳು ನಿದ್ದೆ ಹತ್ತದೆ ಹೋದರೆ, ಅಥವಾ ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಊಟ ಬದಲಿಸುತ್ತಾ ಕೂರದೆ ವೈದ್ಯರಿಗೆ ತೋರಿಸಿ.