ದಂಡ ಕಟ್ಟಿದರೆ ಮುಗಿಯಿತೇ?

ಪ್ರಶ್ನೆ: ನಾನು ಕಾರವಾರದ ಬೈತಖೋಲದವಳು, ಮೀನು ಮಾರುತ್ತೇನೆ. ಮಳೆಗಾಲದ ಮುಂಚೆ ತೀರಕ್ಕೆ ಡಾಂಬರಿನಂಥ ಉಂಡೆಗಳು ಬರುತ್ತವೆ. ಕಾಲಿಗೆ ಮೆತ್ತಿದರೆ ಸೀಮೆಎಣ್ಣೆ ಹಾಕಿಯೇ ತಿಕ್ಕಬೇಕು. ಅಮೆರಿಕದಲ್ಲಿ ಎಣ್ಣೆ ಚೆಲ್ಲಿದ ಪೈಪ್‌ಲೈನ್ ಕಂಪನಿ ಸರ್ಕಾರದ ಜೊತೆ ರಾಜಿಯಾಯಿತಂತೆ. ರಾಜಿ ಅಂದರೆ ದುಡ್ಡು ಕೊಟ್ಟು ಪಾರಾಗುವುದು ತಾನೇ?

ಉತ್ತರ: ಪೂರ್ತಿ ಹಾಗಲ್ಲ ಅಕ್ಕಾ. ನೀವು ಕೇಳಿದ್ದು ಎನ್‌ಬ್ರಿಜ್ ಕಂಪನಿಯ ವಿಷಯ ಇರಬೇಕು. 2010ರ ಜುಲೈನಲ್ಲಿ ಮಿಷಿಗನ್ ರಾಜ್ಯದ ಮಾರ್ಷಲ್ ಊರಿನ ಹತ್ತಿರ ಅವರ ಪೈಪು ಒಡೆಯಿತು. ಕಂಟ್ರೋಲ್ ರೂಮಿನಲ್ಲಿ ಅಲಾರಂ ಹೊಡೆದರೂ ಸೋರಿಕೆ ಎಂದು ಯಾರಿಗೂ ಹೊಳೆಯಲಿಲ್ಲ. ಅದೇ ಒಡೆದ ಪೈಪಿಗೆ ಎರಡು ಸಲ ಮತ್ತೆ ಪಂಪು ಹಚ್ಚಿದರು! ಹೆಚ್ಚಿನ ಎಣ್ಣೆ ಚೆಲ್ಲಿದ್ದು ಆಗಲೇ. 17 ಗಂಟೆ ದಾಟಿದ ಮೇಲೆ ಸುದ್ದಿ ಮುಟ್ಟಿಸಿದ್ದು ಬೇರೆ ಗ್ಯಾಸ್ ಕಂಪನಿಯ ನೌಕರ. ಅಷ್ಟರಲ್ಲಿ ಎಣ್ಣೆ ಕಲಮಜೂ ನದಿ ಸೇರಿತ್ತು.

2016ರ ರಾಜಿಯಲ್ಲಿ ದಂಡ 6.2 ಕೋಟಿ ಡಾಲರ್. ಅದಕ್ಕಿಂತ ಜಾಸ್ತಿ, ಕನಿಷ್ಠ 11 ಕೋಟಿ ಡಾಲರನ್ನು ಮುಂದೆ ಸೋರದಂತೆ ನೋಡಿಕೊಳ್ಳಲು ಖರ್ಚು ಮಾಡಬೇಕಿತ್ತು: ಸುಮಾರು 3,200 ಕಿ.ಮೀ. ಪೈಪಿನ ತಪಾಸಣೆ, ಸೋರಿಕೆ ಪತ್ತೆ, ಸಿಬ್ಬಂದಿಗೆ ತರಬೇತಿ. ಕೋರ್ಟಿನ ಮುದ್ರೆ ಬಿದ್ದಿದ್ದರಿಂದ ಸುಮ್ನೆ ಕೂರುವಂತಿರಲಿಲ್ಲ. ಕೆಲವು ದುರಸ್ತಿ ತಡವಾಯಿತೆಂದು 2020ರಲ್ಲಿ ಮತ್ತೆ 67 ಲಕ್ಷ ಡಾಲರ್ ದಂಡ ಬಿತ್ತು.

ನಿಮ್ಮ ಉಂಡೆಗಳದ್ದು ಬೇರೆ ಕಷ್ಟ. ಯಾವ ಹಡಗು ಚೆಲ್ಲಿದ ಎಣ್ಣೆಯದೆಂದು ಹಿಡಿಯುವುದು ಹೇಗೆ? 2006ರಲ್ಲಿ ಕಾರವಾರದ ಬಳಿ ಬಂಡೆಗೆ ಬಡಿದು ಎಣ್ಣೆ ಚೆಲ್ಲಿದ ಓಷನ್ ಸೆರಾಯಾ ಹಡಗಿಗೆ ಹೆಸರಾದರೂ ಇತ್ತು. ಹೊಣೆ ಯಾರದೆಂದು ಗೊತ್ತಾದರೆ, ಪರಿಹಾರ ಕೇಳಿ ಪರಿಸರದ ಮೊಕದ್ದಮೆ ನೋಡುವ ಹಸಿರು ನ್ಯಾಯಮಂಡಳಿಗೆ ಹೋಗಲು, ಹಾನಿಯಾದಾಗಿನಿಂದ 5 ವರ್ಷ ಸಮಯವಿದೆ. ನಮ್ಮ ಕಡೆಯವರಿಗೆ ಚೆನ್ನೈ ಪೀಠ. ತಾರೀಖು ಸಮೇತ ಫೋಟೊ ತೆಗೆದಿಡಿ.